ಬೆನ್ನ ಹಿಂದೆ ನಿಂತು ಕರೆದವರು

‘ನಮ್ಮ ಮೇಡಂ ತುಂಬ ತಾಳ್ಮೆಯವರು’ ಎಂದು ಮೊದಲ ವಾಕ್ಯ ಬರೆದು ಹೊಡೆದುಹಾಕಿದೆ. ಅವರು ಇದನ್ನು ಓದಿದ್ದರೆ ಕನ್ನಡಕವನ್ನು ತಲೆಯ ಮೇಲಕ್ಕೆ ಸರಿಸಿ, ‘ತಾಳ್ಮೆ ನಿಮಗೆ ಕಾಣಿಸ್ತಾ? ಯಾವ ಬಣ್ಣ ಇತ್ತು? ನಾನು ಏನು ಮಾಡಿದ್ದನ್ನ ನೋಡಿದ್ರಿ, ಅದನ್ನ ಬರೀರಿ’ ಎನ್ನುತ್ತಿದ್ದರು. ಬಿ.ಎ. ಓದಿದ ಮೂರು ವರ್ಷವೂ ನಮ್ಮ ಮನಶ್ಶಾಸ್ತ್ರದ ರಿಪೋರ್ಟುಗಳಲ್ಲಿ ‘ಚುರುಕು’, ‘ಮಂದ’, ‘ಹಟಮಾರಿ’ ಎಂಬ ಪದ ಕಂಡಲ್ಲೆಲ್ಲ ಅವರ ಪೆನ್ಸಿಲ್ಲು ಪಕ್ಕದಲ್ಲಿ ಒಂದು ಸಣ್ಣ ಕಣ್ಣು ಬಿಡಿಸುತ್ತಿತ್ತು. ನೋಡಿದ್ದೇನು ಹೇಳಿ ಎಂದು ಅದರರ್ಥ. ನನ್ನ ಮೊದಲ ರಿಪೋರ್ಟು ವಾಪಸು ಬಂದಾಗ ಪುಟದ ತುಂಬ ಕಣ್ಣುಗಳಿದ್ದು, ಯಾರೋ ಗುಂಪುಗೂಡಿ ನನ್ನನ್ನೇ ನೋಡುತ್ತಿದ್ದಾರೆ ಅನ್ನಿಸಿತ್ತು.

ಹೋದ ತಿಂಗಳು ಅವರು ತೀರಿಕೊಂಡರು. ಕಾಲೇಜಿನಲ್ಲಿ ಹಳೆಯ ವಿದ್ಯಾರ್ಥಿಗಳೆಲ್ಲ ಸೇರಿದ್ದೆವು. ಹೂಡಿಯಲ್ಲಿ ಟೈಲ್ಸ್ ಅಂಗಡಿಯೊಂದರ ಮೇಲಿನ ಎರಡು ಮಹಡಿಯೇ ನಮ್ಮ ಕಾಲೇಜು. ಒಬ್ಬೊಬ್ಬರೂ ಎದ್ದು ಒಂದೊಂದು ನೆನಪು ಹೇಳಿದರು. ಒಂದೇ ಘಟನೆಯನ್ನು ಮೂವರು ಮೂರು ಥರ ಹೇಳಿದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮೇಡಂ ಇದ್ದಿದ್ದರೆ ಖುಷಿಪಡುತ್ತಿದ್ದರು. ನೆನಪಿನ ಪಾಠ ಮಾಡುವಾಗ ಅವರು ಹೇಳುತ್ತಿದ್ದುದು ಇಷ್ಟೇ: ‘ನೆನಪು ಫ್ರಿಜ್ಜಲ್ಲಿಟ್ಟ ನಿನ್ನೆಯ ಸಾರಲ್ಲ. ಕೇಳಿದಾಗೆಲ್ಲ ಹೊಸದಾಗಿ ಮಾಡಿ ಬಡಿಸ್ತೀವಿ. ಉಪ್ಪು ಹೆಚ್ಚುಕಡಿಮೆ ಆಗಿರುತ್ತೆ, ಬಡಿಸೋರಿಗೆ ಗೊತ್ತಾಗಲ್ಲ.’ ಆದ್ದರಿಂದ ಮುಂದೆ ಬರೆಯುವುದರಲ್ಲೂ ಉಪ್ಪು ಹೆಚ್ಚುಕಡಿಮೆ ಇದ್ದೀತು. ಆ ಕಾಲದಲ್ಲೂ ನಾನು ಡೈರಿ ಬರೆಯುತ್ತಿದ್ದೆ. ಆದರೆ ಮುಖ್ಯವಾದ ದಿನದ ಪುಟದಲ್ಲಿ ಇರುವುದು ‘ಶಿಶುವಿಹಾರ. ಊಟಕ್ಕೆ ಚಿತ್ರಾನ್ನ. ಬಸ್ಸಿಗೆ ಕಾದು ಸಾಕಾಯ್ತು’ ಎಂದಷ್ಟೇ. ಮುಖ್ಯ ಎಂದು ಆಗ ಗೊತ್ತಾಗಿರಲಿಲ್ಲ.

ಅವರ ಜೊತೆ ಕಾಫಿ ಕುಡಿಯುವುದು ಅಷ್ಟು ಸುಲಭವಾಗಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ‘ಈಗಿನ ಹುಡುಗರಿಗೆ ಏಕಾಗ್ರತೆಯೇ ಇಲ್ಲ’ ಎಂದರೆ, ‘ಆಗಿನ ಹುಡುಗರನ್ನ ಅಳೆದಿಟ್ಟಿದ್ದೀರಾ?’ ಎಂದು ಕೇಳಿ ಮಾತು ಕೊಂದುಹಾಕುತ್ತಿದ್ದರು. ನಮ್ಮಪ್ಪನ ಬಿ.ಪಿ. ಅದೆಂಥದೋ ಕಷಾಯದಿಂದ ಇಳಿಯಿತು ಎಂದು ನಾನು ಸಂಭ್ರಮದಿಂದ ಹೇಳಿದಾಗ, ‘ಒಳ್ಳೇದಾಯ್ತು. ಅದೇ ವಾರ ಮಾತ್ರೇನೂ ಶುರುಮಾಡಿದ್ರಾ?’ ಎಂದರು. ಶುರುಮಾಡಿದ್ದರು. ಆ ಸಂಜೆಯೆಲ್ಲ ನನಗೆ ಅವರ ಮೇಲೆ ಸಿಟ್ಟಿತ್ತು.

ಮಾರತ್ತಹಳ್ಳಿಯಲ್ಲಿ ಮಕ್ಕಳ ಮಿದುಳನ್ನು ‘ಎಬ್ಬಿಸುವ’ ಕೋಚಿಂಗ್ ಸೆಂಟರೊಂದು ಬಂತು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡ ಮಕ್ಕಳು ಪುಸ್ತಕ ಓದುತ್ತಾರೆ ಎಂದು ಬೋರ್ಡಿತ್ತು. ಒಂದು ಶನಿವಾರ ಮೇಡಂ ನಮ್ಮ ಕ್ಲಾಸನ್ನೇ ಅದರ ಉಚಿತ ಪ್ರದರ್ಶನಕ್ಕೆ ಕರೆದುಕೊಂಡು ಹೋದರು. ನಿಜಕ್ಕೂ ಒಂದು ಪುಟ್ಟ ಹುಡುಗಿ ಪಟ್ಟಿ ಕಟ್ಟಿಕೊಂಡು ಪುಸ್ತಕವನ್ನು ಮಡಿಲಲ್ಲಿಟ್ಟು ಓದಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಮೇಡಂ ಎದ್ದು ಬಹಳ ನಯವಾಗಿ ಕೇಳಿದರು: ‘ಸಾರ್, ಪುಸ್ತಕಾನ ಸ್ವಲ್ಪ ಹಣೆ ಮಟ್ಟಕ್ಕೆ ಎತ್ತಿ ಹಿಡೀಬಹುದಾ?’

‘ಯಾಕ್ ಮೇಡಂ?’

‘ಮಿದುಳು ಅಲ್ಲೇ ಅಲ್ವಾ ಇರೋದು, ಹತ್ರ ಆಗುತ್ತೆ.’

ನಮ್ಮನ್ನು ಹೊರಗೆ ಕಳಿಸಿದರು. ಮೆಟ್ಟಿಲಿಳಿಯುವಾಗ ನಾವೆಲ್ಲ ನಗುತ್ತಿದ್ದೆವು, ಅವರು ನಗುತ್ತಿರಲಿಲ್ಲ. ‘ಮೂಗಿನ ಪಕ್ಕದ ಸಂದೀಲಿ ನೋಡಿ ಓದಿದ್ಲು ಪಾಪ. ಸಿಕ್ಕಿಬೀಳ್ತೀನಿ ಅನ್ನೋ ಭಯ ಅವಳೊಬ್ಬಳಿಗೆ, ಚಪ್ಪಾಳೆ ಅವರಿಗೆ’ ಎಂದರು.

ಮಿದುಳಿನ ಬೆಳವಣಿಗೆಯ ಪಾಠವನ್ನು ಅವರು ಮಾಡುತ್ತಿದ್ದುದು ಕಾಲೇಜಿನ ತಾರಸಿಯ ಮೇಲೆ. ಅಲ್ಲಿಂದ ಒಂದು ದೊಡ್ಡ ಖಾಲಿ ಸೈಟು ಕಾಣುತ್ತಿತ್ತು. ಟೆಕ್ ಪಾರ್ಕಿನ ಹಿಂಬಾಗಿಲಿನಿಂದ ಬಸ್ ಸ್ಟಾಪಿಗೆ ಜನ ಅದರಲ್ಲಿ ಅಡ್ಡಾದಿಡ್ಡಿ ಓಡಾಡಿ ಕಾಲುದಾರಿಗಳು ಬಿದ್ದಿದ್ದವು. ‘ನೋಡಿ, ಜಾಸ್ತಿ ಜನ ನಡೆದ ದಾರಿ ಬೆಳ್ಳಗೆ ಉಳಿದಿದೆ. ಯಾರೂ ನಡೀದಿದ್ದಕ್ಕೆ ಹುಲ್ಲು ಬಂದಿದೆ. ಹುಟ್ಟಿದ ಮಗುವಿನ ಮಿದುಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ದಾರಿ ಇರ್ತವೆ. ಬಳಸಿದ್ದು ಗಟ್ಟಿಯಾಗುತ್ತೆ, ಬಳಸದೆ ಬಿಟ್ಟಿದ್ದು ಮುಚ್ಚಿಹೋಗುತ್ತೆ. ಶಬ್ದ ಕೇಳಿದ್ರೆ ಮಾತಿನ ದಾರಿ. ಕೇಳದೇ ಹೋದ್ರೆ?’ ಎಂದು ನಿಲ್ಲಿಸಿ, ‘ಒಂದಿನ ಈ ಸೈಟಿಗೂ ಕಾಂಪೌಂಡು ಏಳುತ್ತೆ. ಆಮೇಲೂ ಬಸ್ ಸ್ಟಾಪಿಗೆ ಹೋಗಬಹುದು. ಆದ್ರೆ ಊರೆಲ್ಲ ಸುತ್ತಿ ಹೋಗಬೇಕು’ ಎನ್ನುತ್ತಿದ್ದರು. ತಕ್ಷಣ ಎಚ್ಚರಿಕೆಯನ್ನೂ ಕೊಡುತ್ತಿದ್ದರು: ‘ಇದು ಹೋಲಿಕೆ ಅಷ್ಟೇ. ಪರೀಕ್ಷೇಲಿ ಮಿದುಳಲ್ಲಿ ಹುಲ್ಲು ಬೆಳೆಯುತ್ತೆ ಅಂತ ಬರೆದ್ರೆ ಸೊನ್ನೆ.’ ಪ್ರತಿ ವರ್ಷವೂ ಯಾರಾದರೊಬ್ಬರು ಬರೆಯುತ್ತಿದ್ದರಂತೆ.

ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಮತ್ತು ಗಿರಿಜಾ ಜೊತೆಯಾದೆವು. ಗಿರಿಜಾ ಹೂಡಿಯವಳೇ. ಅವಳ ತಾತ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರದೇ ಪಿ.ಜಿ. ಕಟ್ಟಡ ನಿಂತಿದೆ. ಸಣ್ಣ ಮಕ್ಕಳು ಮಾತಿನ ಸೂಚನೆಯನ್ನು ಎಷ್ಟು ಬೇಗ ಪಾಲಿಸುತ್ತಾರೆ ಎಂದು ನೋಡುವುದು ನಮ್ಮ ವಿಷಯ. ಹೂಡಿಯ ಒಂದು ಅಪಾರ್ಟ್‌ಮೆಂಟಿನ ಪ್ಲೇ ಸ್ಕೂಲು, ದೊಡ್ಡನೆಕ್ಕುಂದಿ ಕೈಗಾರಿಕಾ ಪ್ರದೇಶದ ಒಂದು ಶಿಶುವಿಹಾರ, ಎರಡೂ ಕಡೆ ‘ಕೆಂಪು ಚೆಂಡು ಕೊಡು’, ‘ಲೋಟ ಎತ್ತಿಡು’ ಎಂದು ಹೇಳಿ ನೋಡಿದೆವು.

ಶಿಶುವಿಹಾರದ ಒಂದು ಗೋಡೆ ಪಕ್ಕದ ಫ್ಯಾಬ್ರಿಕೇಶನ್ ಶೆಡ್ಡಿಗೆ ಅಂಟಿಕೊಂಡಿತ್ತು. ಬೆಳಗಿನಿಂದ ಸಂಜೆಯವರೆಗೆ ತಗಡು ಕೊಯ್ಯುವ ಸದ್ದು. ಆ ಶೆಡ್ಡಿನಲ್ಲಿ ದುಡಿಯುವ ತಾಯಂದಿರ ಮಕ್ಕಳೇ ಅಲ್ಲಿದ್ದುದು. ಆ ಗಲ್ಲಿಯಲ್ಲಿ ಯಾರೂ ಯಾರನ್ನೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಬೇಕಾದವರ ಹೆಗಲು ತಟ್ಟುವುದು, ಕೈ ಬೀಸುವುದು, ಊಟಕ್ಕೆ ಬಾಯಿಯ ಹತ್ತಿರ ಬೆರಳು, ನೀರಿಗೆ ಹೆಬ್ಬೆರಳು. ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಮುನಿಯಮ್ಮ ದೊಡ್ಡನೆಕ್ಕುಂದಿಯ ಹಳೆಯ ಕುಟುಂಬದವರು. ಮಕ್ಕಳನ್ನೆಲ್ಲ ಕೈಸನ್ನೆಯಲ್ಲೇ ಕೂರಿಸಿ ಏಳಿಸುತ್ತಿದ್ದರು. ಅಲ್ಲಿ ರೇಣುಕಾ ಎಂಬ ಮಗು ಇತ್ತು, ಮೂರು ವರ್ಷದ್ದಿರಬೇಕು. ನಮ್ಮ ಸೂಚನೆ ಕೇಳಿ ಸುಮ್ಮನೆ ನಮ್ಮ ಮುಖ ನೋಡಿ ನಗುತ್ತಿತ್ತು.

‘ಅದು ವಸಿ ಮಂದ ಕಣಮ್ಮ, ಮಾತೇ ಬಂದಿಲ್ಲ’ ಎಂದರು ಮುನಿಯಮ್ಮ. ‘ಅವರವ್ವ ಹಬ್ಬ ಕಳುದ್ಮೇಲೆ ಊರಿಗೆ ಬುಟ್ಟು ಬತ್ತಾಳಂತೆ, ಅಜ್ಜಿತಾವ. ಇಲ್ಲಿ ಇಸ್ಕೂಲಿಗೆ ಇಂತವ್ನ ಯಾರು ಸೇರುಸ್ಕೊಂಡಾರು?’

ನಾವು ‘ಮಂದ’ ಎಂದು ಬರೆದುಕೊಂಡೆವು. ಕೈಗಾರಿಕಾ ಪ್ರದೇಶದ ಮಕ್ಕಳೆಲ್ಲ ನಿಧಾನ ಎಂದು ಲೆಕ್ಕ ಬಂತು. ‘ಶ್ರಮಿಕರ ಮಕ್ಕಳಲ್ಲಿ ಮಿದುಳಿನ ಬೆಳವಣಿಗೆ ಕುಂಠಿತವಾಗಿದೆ’ ಎಂದು ಭರ್ಜರಿಯಾಗಿ ಮುಗಿಸಿದೆವು. ರಿಪೋರ್ಟು ಓದಿ ಮೇಡಂ ನಮ್ಮನ್ನು ಕರೆಸಿದರು.

‘ಮಿದುಳು ನೋಡಿದ್ರಾ? ಯಾರ ತಲೆ ತೆಗೆದು ನೋಡಿದ್ರಿ?’

ಗಿರಿಜಾ ರಿಪೋರ್ಟಿನ ಪುಟ ತಿರುವತೊಡಗಿದಳು.

‘ಪ್ಲೇ ಸ್ಕೂಲಲ್ಲಿ ನಿಮ್ಮ ಮಾತು ಕೇಳಿಸ್ತಿತ್ತಾ?’

‘ಕೇಳಿಸ್ತಿತ್ತು ಮೇಡಂ.’

‘ಶಿಶುವಿಹಾರದಲ್ಲಿ?’

‘ಅಲ್ಲಿ ನಮ್ಮ ಮಾತು ನಮಗೇ ಕೇಳಿಸ್ತಿರಲಿಲ್ಲ’ ಎಂದೆ. ಹೇಳುವಾಗಲೇ ನನಗೆ ಅರ್ಥವಾಯಿತು.

‘ಹಾಗಾದ್ರೆ ನೀವು ಅಳೆದಿದ್ದು ಮೆಷಿನ್ನಾ, ಮಕ್ಕಳನ್ನಾ?’ ಎಂದರು. ಆಮೇಲೆ ಕ್ಯಾಲೆಂಡರ್ ನೋಡಿದರು. ಆ ಕೈಗಾರಿಕಾ ಪ್ರದೇಶಕ್ಕೆ ವಾರಕ್ಕೊಂದು ದಿನ ಕರೆಂಟು ತೆಗೆಯುತ್ತಿದ್ದರು. ಆವತ್ತು ಮೆಷಿನ್ ನಿಲ್ಲಿಸಿ ಶೆಡ್ಡು ಗುಡಿಸುವುದು, ಲಾರಿಗೆ ಮಾಲು ತುಂಬುವುದು. ಮಕ್ಕಳು ಎಂದಿನಂತೆ ಬರುತ್ತಿದ್ದರು. ‘ಮಕ್ಕಳು ಅವರೇ, ಜಾಗ ಅದೇ, ನೀವೂ ನೀವೇ. ಸದ್ದು ಒಂದು ಇರಲ್ಲ. ಒಂದನ್ನ ಮಾತ್ರ ಬದಲಾಯಿಸಿ ನೋಡಿ. ನಾನೂ ಬರ್ತೀನಿ.’

ಆ ದಿನ ಹೋದಾಗ ಮಳೆ ಹನಿಯುತ್ತಿತ್ತು ಎಂದು ನನಗೆ ನೆನಪು. ಗಿರಿಜಾ ಸುಡುಬಿಸಿಲು ಎನ್ನುತ್ತಾಳೆ. ಗಲ್ಲಿಯಲ್ಲಿ ಕಾಗೆಯ ಕೂಗು ಕೇಳಿ ಆಶ್ಚರ್ಯವಾಗಿದ್ದನ್ನು ಮಾತ್ರ ಇಬ್ಬರೂ ಒಪ್ಪುತ್ತೇವೆ. ಮೇಡಂ ಒಬ್ಬಳನ್ನು ಮಗುವಿನ ಎದುರು ಆಟಿಕೆ ಹಿಡಿದು ಕೂರಿಸಿದರು, ಇನ್ನೊಬ್ಬಳನ್ನು ಮಗುವಿನ ಬೆನ್ನ ಹಿಂದೆ ನಿಲ್ಲಿಸಿದರು. ಹಿಂದೆ ನಿಂತವಳು ಹೆಸರು ಕರೆಯಬೇಕು. ಮುಂದೆ ಕೂತವಳು ಯಾವ ಕಾರಣಕ್ಕೂ ತಲೆಯೆತ್ತಬಾರದು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ತಟ್ಟನೆ ತಿರುಗಿದರು. ಅಪಾರ್ಟ್‌ಮೆಂಟಿನ ಮಕ್ಕಳಿಗಿಂತ ಇವರು ನಿಧಾನವೇನೂ ಇರಲಿಲ್ಲ. ನಮ್ಮ ಭರ್ಜರಿ ವಾಕ್ಯ ಅಲ್ಲಿಗೆ ಮುಗಿಯಿತು. ರೇಣುಕಾ ಕೂಡ ತಿರುಗಿದಳು.

‘ಇವಳದು ಇನ್ನೊಂದ್ಸಲ’ ಎಂದರು ಮೇಡಂ. ‘ಮುಂದೆ ಕೂತಿರೋರು ಕಣ್ಣೆತ್ತಿದ್ರಿ. ಮಗು ನಿಮ್ಮ ಕಣ್ಣು ಹೋದ ಕಡೆ ತಿರುಗ್ತು.’

ಎರಡನೆಯ ಸಲ ಮುಂದೆ ಕೂತವಳು ಕೈಯಲ್ಲಿದ್ದ ಹಳದಿ ಪ್ಲಾಸ್ಟಿಕ್ ಲೋಟವನ್ನೇ ದಿಟ್ಟಿಸಿದಳು. ಹಿಂದಿನಿಂದ ‘ರೇಣುಕಾ’ ಎಂಬ ಕರೆ ಬಂತು. ಮಗು ಲೋಟದೊಳಗೆ ಚೆಂಡು ಹಾಕುತ್ತಲೇ ಇತ್ತು. ಮತ್ತೆ ಕರೆ, ಇನ್ನೂ ಜೋರಾಗಿ. ಲೋಟ, ಚೆಂಡು.

ಮುಂದೆ ಕೂತಿದ್ದವಳು ನಾನು. ಆ ಹಳದಿ ಲೋಟದ ಅಂಚಿನ ಸೀಳು ಕೂಡ ನನಗೆ ನೆನಪಿದೆ. ಶ್ರದ್ಧಾಂಜಲಿ ಸಭೆಯಲ್ಲಿ ಗಿರಿಜಾ, ‘ಲೇ, ನಾನು ಕಣೇ ಕೂತಿದ್ದು! ಲೋಟ ಒಡೆದಿತ್ತು, ನನ್ನ ಬೆರಳಿಗೆ ಚುಚ್ಚಿತ್ತು. ನೀನು ಹಿಂದೆ ನಿಂತು ಕಿರುಚ್ತಾ ಇದ್ದೆ’ ಎಂದಳು. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಕಣ್ಣೆತ್ತಬಾರದು ಎಂಬ ಆ ಸಂಕಟ ನನ್ನ ಕತ್ತಿನಲ್ಲಿ ಈಗಲೂ ಇದೆ, ಅವಳ ಕತ್ತಿನಲ್ಲೂ ಇದೆಯಂತೆ. ಒಂದು ಕತ್ತು ತಪ್ಪು ಹೇಳುತ್ತಿದೆ. ಯಾವುದು ಎಂದು ಹೇಳಬಲ್ಲ ಮೂರನೆಯವರು ಈಗಿಲ್ಲ.

‘ಕೇಳಿಸ್ತಿಲ್ಲ ಮೇಡಂ ಇವಳಿಗೆ’ ಎಂದು ನಮ್ಮಲ್ಲೊಬ್ಬಳು ಹೇಳಿದಾಗ ಅವರು ತಲೆಯಾಡಿಸಿದರು. ‘ತಿರುಗಲಿಲ್ಲ ಅಂತ ಮಾತ್ರ ಹೇಳಿ. ಆಡ್ತಿರೋ ಮಗು, ಬೇಡ ಅನ್ನಿಸಿ ತಿರುಗದೇನೂ ಇರಬಹುದು. ನಮ್ಮನೆಯವರಿಗೆ ಪೇಪರ್ ಓದುವಾಗ ನಾನು ಕರೆದಿದ್ದು ಯಾವತ್ತಾದ್ರೂ ಕೇಳಿಸಿದೆಯಾ?’ ಬೀಗದ ಕೈ ಅಲ್ಲಾಡಿಸಿದೆವು. ಹಿಂದಿನಿಂದ ಸ್ಟೀಲ್ ತಟ್ಟೆ ಬಡಿದೆವು. ಪಕ್ಕದ ಮಕ್ಕಳು ಬೆಚ್ಚಿದರು, ರೇಣುಕಾ ಇಲ್ಲ. ತಟ್ಟೆ ಕೈ ಜಾರಿ ನೆಲಕ್ಕೆ ಬಿದ್ದಾಗ ಮಾತ್ರ ಸರಕ್ಕನೆ ತಿರುಗಿದಳು.

‘ಕೇಳಿಸ್ತು!’ ಎಂದು ಗಿರಿಜಾ ಕುಣಿದಳು.

‘ನೆಲ ಅದುರ್ತು’ ಎಂದರು ಮೇಡಂ, ಮೆಲ್ಲಗೆ.

ಮುನಿಯಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ‘ಅಯ್ಯೋ ದ್ಯಾವ್ರೇ, ಕೈ ಬೀಸಿದ್ರೆ ಓಡ್ಬತ್ತಿತ್ತಲ್ಲಮ್ಮ ನನ್ನ ಕೂಸು, ನಂಗೆಂಗೆ ಗೊತ್ತಾಗ್ಬೇಕು?’ ಗೊತ್ತಾಗುವಂತಿರಲಿಲ್ಲ. ಎಲ್ಲರೂ ಕೈಯಲ್ಲೇ ಮಾತಾಡುವ ಗಲ್ಲಿಯಲ್ಲಿ ಕಿವಿ ಕೇಳದ ಮಗು ಎಲ್ಲರ ಹಾಗೇ ಇತ್ತು.

ಮೂರು ವರ್ಷ ಅವಸರ ಬೇಡ, ತೀರ್ಮಾನ ಬೇಡ ಎಂದು ನಮ್ಮ ತಲೆ ತಿಂದಿದ್ದ ಹೆಂಗಸು ಮರುಗಳಿಗೆ ಮಗುವನ್ನು ಕಂಕುಳಿಗೆ ಎತ್ತಿಕೊಂಡು ಶೆಡ್ಡಿನ ಕಡೆ ಹೊರಟಿದ್ದರು. ಚಪ್ಪಲಿ ಬಿಟ್ಟೇ ಹೋದರು ಎಂದು ನನ್ನ ನೆನಪು. ಉಪ್ಪು ಹೆಚ್ಚಾಗಿರಬಹುದು. ‘ಮೇಡಂ, ಇನ್ನೂ ಗ್ಯಾರಂಟಿ ಇಲ್ಲವಲ್ಲ?’ ಎಂದು ನಾನು ಹಿಂದೆ ಓಡುತ್ತ ಕೇಳಿದೆ.

‘ಗ್ಯಾರಂಟಿ ಡಾಕ್ಟರು ಕೊಡಲಿ. ಅಲ್ಲೀತನಕ ಹೋಗೋಕೆ ಇಷ್ಟು ಸಾಕು. ಊರಿಗೆ ಹೋದ್ರೆ ಇನ್ನೆರಡು ವರ್ಷ ಮಂದ ಅಂತಾನೇ ಕೂರಿಸಿರ್ತಾರೆ. ಇವಳ ತಲೇಲಿ ಕಾಂಪೌಂಡು ಏಳ್ತಾ ಇದೆ ಕಣ್ರೀ!’

ತಾಯಿ ಶರಣಮ್ಮ ಯಾದಗಿರಿ ಕಡೆಯವರು. ಲಾರಿಯ ಪಕ್ಕ ತಗಡಿನ ಕಟ್ಟು ಎಣಿಸುತ್ತಿದ್ದರು. ಮಗುವನ್ನು ಕೆಳಗಿಳಿಸಿ ಮೇಡಂ ಹೇಳಿದ್ದನ್ನು ಕೇಳಿ ಅವರಿಗೆ ಸಿಟ್ಟು ಬಂತು.

‘ಕೇಳ್ತದ್ರೀ ನನ್ನ ಮಗಳಿಗಿ. ಬಾ ಅಂದ್ರ ಬರ್ತಾಳ, ಉಣ್ಣು ಅಂದ್ರ ಉಣ್ತಾಳ. ಮಾತು ಒಂದು ತಡಾ ಆಗ್ಯಾದ, ಅಷ್ಟ. ನೀವು ಕಿವಡಿ ಅಂತೀರೇನು?’

‘ಅವಳು ಆ ಕಡೆ ತಿರುಗಿ ಆಡ್ತಿದ್ದಾಳೆ, ನೋಡಿ. ನೀವು ಇಲ್ಲೇ ನಿಂತು ಒಂದ್ಸಲ ಕರೀರಿ. ಎರಡೂ ಕೈ ಹಿಂದಕ್ಕೆ ಕಟ್ಕೊಳ್ಳಿ.’

‘ಕೈ ಯಾಕ್ರೀ?’

‘ಕಟ್ಕೊಳ್ಳಿ ಶರಣಮ್ಮ.’

ಶರಣಮ್ಮ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ಮಾಲು ತುಂಬುತ್ತಿದ್ದವರೆಲ್ಲ ಕೆಲಸ ನಿಲ್ಲಿಸಿ ನೋಡಿದರು. ‘ರೇಣೀ’ ಎಂದರು. ಮಗು ಮಣ್ಣು ಕೆದಕುತ್ತಿತ್ತು. ‘ರೇಣೀ, ಬಾರಬೇ ಇಲ್ಲಿ!’ ಇನ್ನೂ ಜೋರಾಗಿ. ಮೂರನೆಯ ಸಲಕ್ಕೆ ದನಿ ಒಡೆಯಿತು. ಕಟ್ಟಿದ್ದ ಕೈಗಳು ತಾವಾಗಿಯೇ ಬಿಚ್ಚಿಕೊಂಡು, ನೋಡದೆ ಕೂತಿದ್ದ ಆ ಪುಟ್ಟ ಬೆನ್ನಿಗೆ ಬಾ ಬಾ ಎಂದು ಬೀಸತೊಡಗಿದವು.

ವಾಪಸು ಬರುವಾಗ ನಮ್ಮ ಬಸ್ಸು ಮಾರತ್ತಹಳ್ಳಿ ಸಿಗ್ನಲ್ಲಿನಲ್ಲಿ ಸಿಕ್ಕಿಕೊಂಡಾಗ ಮೇಡಂ ಹೇಳಿದರು: ‘ಅಷ್ಟು ಜನರ ಎದುರಿಗೆ ಆಕೇನ ಹಾಗೆ ನಿಲ್ಲಿಸಬಾರದಿತ್ತು. ಒಳಗೆ ಕರ್ಕೊಂಡು ಹೋಗಿ, ಒಪ್ಪಿಗೆ ಕೇಳಿ, ಆಮೇಲೆ ಮಾಡಬೇಕಿತ್ತು. ಪ್ರಯೋಗದಲ್ಲಿ ಆದ ತಪ್ಪುಗಳು ಅಂತ ಒಂದು ಭಾಗ ಇರುತ್ತಲ್ಲ, ಅಲ್ಲಿ ಬರೀರಿ. ನನ್ನ ಹೆಸರು ಹಾಕಿ.’ ನಾವು ಬರೆದೆವು. ಅದರ ಪಕ್ಕ ಅವರು ಕಣ್ಣು ಬಿಡಿಸಲಿಲ್ಲ, ಸರಿ ಗುರುತು ಹಾಕಿದರು.

ಹಬ್ಬಕ್ಕೆ ಮೊದಲೇ ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಯಾಯಿತು. ಎರಡೂ ಕಿವಿಗೆ ಶ್ರವಣಯಂತ್ರ ಬಂತು. ಮೊದಲ ದಿನ ಯಂತ್ರ ಹಾಕಿದಾಗ ಮಗು ನಕ್ಕಿತು ಎಂದು ಸಭೆಯಲ್ಲಿ ಯಾರೋ ಹೇಳಿದರು. ನಾನಿದ್ದೆ, ಮಗು ನಗಲಿಲ್ಲ. ಶಿಶುವಿಹಾರಕ್ಕೆ ಕರೆತಂದಾಗ ಶೆಡ್ಡಿನಲ್ಲಿ ತಗಡು ಕೊಯ್ಯುತ್ತಿದ್ದರು. ಮಗು ಕಿರುಚಿ ಎರಡೂ ಯಂತ್ರವನ್ನು ಕಿತ್ತೆಸೆಯಿತು. ಮುನಿಯಮ್ಮ ಬಗ್ಗಿ ಹುಡುಕಿ ಸೆರಗಿನಲ್ಲಿ ಒರೆಸಿ ಕೊಟ್ಟರು. ಮಾತು ಕಲಿಸುವ ತರಬೇತಿಗೆ ವಾರವಾರ ಹೋಗಬೇಕಿತ್ತು. ಶೆಡ್ಡಿನ ಸೂಪರ್‌ವೈಸರ್ ಶರಣಮ್ಮನಿಗೆ ರಜೆ ಕೊಡಲು ಒಪ್ಪಲಿಲ್ಲ. ಮೇಡಂ ಹೋಗಿ, ‘ಕರೆಂಟ್ ಇಲ್ಲದ ದಿನ ಆಕೇನ ಬಿಡಿ ಸಾರ್, ಆವತ್ತು ನಿಮ್ಮ ಮೆಷಿನ್ನೂ ರಜೆ ತಗೊಳ್ಳುತ್ತಲ್ಲ’ ಎಂದರಂತೆ. ಬಿಟ್ಟ. ಕಾಲೇಜಿನಲ್ಲಿ ಇರುವಷ್ಟು ದಿನ ನಾನೂ ಗಿರಿಜಾಳೂ ಸರದಿಯ ಮೇಲೆ ಜೊತೆಗೆ ಹೋದೆವು. ಆಮೇಲೆ ನಮ್ಮ ನಮ್ಮ ಕೆಲಸ, ಮದುವೆ. ಮೇಡಂ ಹೋಗುತ್ತಲೇ ಇದ್ದರು ಎಂದು ತಿಳಿದದ್ದು ಎಷ್ಟೋ ಕಾಲದ ಮೇಲೆ. ತಾಳ್ಮೆ ಎಂದು ನಾನು ಬರೆದು ಹೊಡೆದುಹಾಕಿದ್ದು ಇದನ್ನೇ ಇರಬೇಕು.

ನಾನೀಗ ವೈಟ್‌ಫೀಲ್ಡಿನ ಒಂದು ಕಂಪನಿಯ ಎಚ್.ಆರ್. ವಿಭಾಗದಲ್ಲಿದ್ದೇನೆ. ಮೀಟಿಂಗಿನಲ್ಲಿ ಯಾರಾದರೂ ‘ಈ ಹುಡುಗನಿಗೆ ಕಮಿಟ್‌ಮೆಂಟ್ ಇಲ್ಲ’ ಎಂದರೆ ಹಾಳೆಯ ಮೂಲೆಯಲ್ಲಿ ಒಂದು ಸಣ್ಣ ಕಣ್ಣು ಬಿಡಿಸಿಕೊಳ್ಳುತ್ತೇನೆ. ಕೇಳುವ ಧೈರ್ಯ ಪ್ರತಿ ಸಲ ಬರುವುದಿಲ್ಲ.

ಶ್ರದ್ಧಾಂಜಲಿ ಸಭೆಯಾದ ಮೇಲೆ ಶರಣಮ್ಮನಿಗೆ ಸುದ್ದಿ ತಲುಪಿದೆಯೋ ಇಲ್ಲವೋ ಎನ್ನಿಸಿ ಹುಡುಕಿಕೊಂಡು ಹೋದೆ. ದೊಡ್ಡನೆಕ್ಕುಂದಿಯಲ್ಲೇ ಮಹಡಿಯ ಮೇಲಿನ ಬಾಡಿಗೆ ರೂಮು. ಬಾಗಿಲಲ್ಲಿ ಕೂತು ಮೆಂತ್ಯ ಸೊಪ್ಪು ಬಿಡಿಸುತ್ತಿದ್ದರು. ತಲುಪಿತ್ತು.

‘ಭಾಳ ಅತ್ತೀನ್ರೀ’ ಎಂದರು. ‘ಮೊದ್ಲು ಅವ್ರ ಮ್ಯಾಲ ಭಾಳ ಸಿಟ್ಟಿತ್ತು. ಆಮ್ಯಾಲ ಅವ್ರೇ ಮನೀಗಿ ಬಂದು, ಎಲ್ಲಾರ ಮುಂದ ಹಂಗ ಮಾಡಬಾರದಿತ್ತು, ತಪ್ಪಾಯ್ತು ಅಂದ್ರು. ಮೇಡಂ ಆಗಿ ನನಗ ತಪ್ಪಾಯ್ತು ಅಂದ್ರು ನೋಡ್ರಿ.’

‘ರೇಣುಕಾಗೆ ಮೊದಲಿನದು ಏನಾದರೂ ನೆನಪಿದೆಯಾ? ಆ ಶಿಶುವಿಹಾರ, ತಟ್ಟೆ ಬಡಿದಿದ್ದು?’

‘ಏನೂ ಇಲ್ರೀ. ಹೇಳಿದ್ರ ನಗ್ತಾಳ. ತಾನು ಹುಟ್ಟಾಗಿಂದ ಹಿಂಗೇ ಕೇಳ್ತಿದ್ದೆ ಅಂದ್ಕೊಂಡಾಳ.’

ನನಗೆ ಒಂದು ಕ್ಷಣ ಬೇಸರವಾಯಿತು. ಆಮೇಲೆ ತಾರಸಿಯ ಪಾಠ ನೆನಪಾಯಿತು. ಮೊದಲ ವರ್ಷಗಳದ್ದು ಯಾರಿಗೂ ನೆನಪಿರುವುದಿಲ್ಲ, ಮುಂದಿನದೆಲ್ಲ ಅದರ ಮೇಲೇ ನಿಂತಿರುತ್ತದೆ ಎಂದಿದ್ದರು. ಮೇಡಂ ಆ ಮಗುವಿನ ನೆನಪಿನಲ್ಲಿ ಎಲ್ಲೂ ಇಲ್ಲ. ನೆನಪಿಗಿಂತ ಕೆಳಗೆ ಎಲ್ಲೋ ಇದ್ದಾರೆ.

‘ಒಳಗ ಓದ್ಕೋತ ಕುಂತಾಳ. ತಡೀರಿ, ಕರೀತೀನಿ’ ಎಂದು ಶರಣಮ್ಮ ಎದ್ದು ನಿಂತರು. ಕೋಣೆಯಲ್ಲಿ, ಗೋಡೆಗೆ ಮುಖಮಾಡಿ ಕೂತ ಹೈಸ್ಕೂಲು ಹುಡುಗಿಯ ಬೆನ್ನು, ಎರಡು ಜಡೆ, ಕಿವಿಯ ಹಿಂದೆ ಯಂತ್ರದ ಅಂಚು ಕಾಣುತ್ತಿತ್ತು. ಹೊರಗೆ ಎಲ್ಲೋ ತಗಡು ಕೊಯ್ಯುತ್ತಿದ್ದರು.

‘ರೇಣೀ’ ಎಂದರು ಶರಣಮ್ಮ. ಹುಡುಗಿ ಅಲುಗಲಿಲ್ಲ.

ಆಗ ನೋಡಿದೆ. ಶರಣಮ್ಮನ ಎರಡೂ ಕೈಗಳು ಬೆನ್ನ ಹಿಂದೆ ಕಟ್ಟಿಕೊಂಡಿದ್ದವು, ಬೆರಳಿಗೆ ಇನ್ನೂ ಸೊಪ್ಪಿನ ಎಲೆ ಅಂಟಿತ್ತು. ಇಷ್ಟು ವರ್ಷವೂ ಹೀಗೇ ನಿಂತು ಕರೆಯುತ್ತಿದ್ದಾರೋ ಏನೋ, ಅವರಿಗೇ ಗೊತ್ತಿದ್ದ ಹಾಗಿರಲಿಲ್ಲ.

‘ರೇಣೀ!’

ಹುಡುಗಿ ತಿರುಗಲಿಲ್ಲ. ಪೆನ್ನು ಹಿಡಿದ ಕೈಯನ್ನು ಮಾತ್ರ ಮೇಲೆತ್ತಿದಳು.

‘ಕೇಳ್ಸಿತಬೇ ಯವ್ವಾ, ಎಷ್ಟ್ ಸಲ ಕರೀತಿ! ಇದೊಂದು ಲೆಕ್ಕ ಮುಗಸಿ ಬರ್ತೀನಿ, ತಡಿ.’